ಮದುವೆಗಳಿಂದ ಕಟ್ಟಿದ ಮನೆ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬ ಗಾದೆಯನ್ನು ನಮ್ಮ ಹಿರಿಯರು ಆಡಿದ್ದು ಎರಡೂ ಕಷ್ಟದ ಕೆಲಸಗಳು ಎಂಬ ಅರ್ಥದಲ್ಲಿ. ಯುರೋಪಿನ ಇತಿಹಾಸದಲ್ಲಿ ಒಂದು ಮನೆತನ ಈ ಎರಡನ್ನೂ ಒಂದೇ ಕೆಲಸವನ್ನಾಗಿ ಮಾಡಿಕೊಂಡಿತು. ಮದುವೆ ಮಾಡುತ್ತ ಮಾಡುತ್ತಲೇ ಮನೆ ಕಟ್ಟಿತು. ಆ ಮನೆ ಎಷ್ಟು ದೊಡ್ಡದಾಯಿತೆಂದರೆ ಫ್ರಾನ್ಸಿನ ದೊರೆಯೇ ಅದರ ನೆರಳಿಗೆ ಅಂಜುವಂತಾಯಿತು. ಕಡೆಗೆ ಒಂದು ಮದುವೆಯಿಂದಲೇ ಆ ಮನೆ ಬೇರೊಬ್ಬರದಾಯಿತು. ಬರ್ಗಂಡಿಯ ವಾಲ್ವಾ ಡ್ಯೂಕರ ಕಥೆ ಇದು. ನಾಲ್ಕೇ ತಲೆಮಾರು, 1363ರಿಂದ 1477ರವರೆಗೆ, ಒಟ್ಟು 114 ವರ್ಷ.

ಪ್ರೌಢಶಾಲೆಯಲ್ಲಿ ಇತಿಹಾಸ ಪಾಠ ಮಾಡುತ್ತಿದ್ದ ಕಾಲದಲ್ಲಿ ನನಗೆ ಕರಿಹಲಗೆಯ ಮೇಲೆ ವಂಶಾವಳಿ ಬರೆಯುವ ಅಭ್ಯಾಸವಿತ್ತು. ಗಂಡಹೆಂಡಿರ ಹೆಸರುಗಳ ನಡುವೆ ಎರಡು ಅಡ್ಡಗೆರೆ ಎಳೆಯುವುದು ವಾಡಿಕೆಯಷ್ಟೆ. ಮಕ್ಕಳು ಅದನ್ನು ಗಣಿತದ ಸಮಚಿಹ್ನೆ ಎಂದೇ ಓದುತ್ತಿದ್ದರು. ಬರ್ಗಂಡಿ ನಮ್ಮ ಪಠ್ಯದಲ್ಲಿ ಇರಲಿಲ್ಲ. ಆದರೂ ಐದನೆಯ ಚಾರ್ಲ್ಸ್ ಚಕ್ರವರ್ತಿಗೆ ಅಷ್ಟೊಂದು ದೇಶಗಳು ಎಲ್ಲಿಂದ ಬಂದವು ಎಂದು ವಿವರಿಸಬೇಕಾದಾಗ ಹಿಂದಕ್ಕೆ ಹೋಗಿ ಈ ಮನೆತನದ ವಂಶಾವಳಿ ಬರೆಯಲೇಬೇಕಾಗುತ್ತಿತ್ತು. ಬೇರೆ ವಂಶಾವಳಿಗಳಲ್ಲಿ ಮೇಲಿಂದ ಕೆಳಕ್ಕೆ ಇಳಿಯುವ ಗೆರೆಗಳೇ ಮುಖ್ಯ. ಬರ್ಗಂಡಿಯದರಲ್ಲಿ ಮಾತ್ರ ಆ ಎರಡು ಅಡ್ಡಗೆರೆಗಳಲ್ಲಿಯೇ ಇತಿಹಾಸವೆಲ್ಲ ಅಡಗಿತ್ತು.

ಕಥೆ ಆರಂಭವಾಗುವುದು ಒಂದು ಸೋಲಿನಿಂದ. ನೂರು ವರ್ಷಗಳ ಯುದ್ಧದ ನಡುವೆ, 1356ರ ಸೆಪ್ಟೆಂಬರ್‌ನಲ್ಲಿ, ಪ್ವಾತಿಯೇ ಎಂಬಲ್ಲಿ ಫ್ರಾನ್ಸಿನ ದೊರೆ ಎರಡನೆಯ ಜಾನ್ ಇಂಗ್ಲಿಷರ ಕೈಗೆ ಸೆರೆ ಸಿಕ್ಕ. ಆ ಹೊತ್ತಿನಲ್ಲಿ ತಂದೆಯ ಪಕ್ಕದಲ್ಲಿ ಕದಲದೆ ನಿಂತಿದ್ದವನು ಹದಿನಾಲ್ಕು ವರ್ಷದ ನಾಲ್ಕನೆಯ ಮಗ ಫಿಲಿಪ್. ತಂದೆಯ ಜೊತೆಗೆ ಅವನೂ ಇಂಗ್ಲೆಂಡಿನಲ್ಲಿ ಸೆರೆಯಲ್ಲಿದ್ದ. ಅವನಿಗೆ 'ಧೀರ' ಎಂಬ ಬಿರುದು ಅಂಟಿದ್ದು ಆ ದಿನದಿಂದ ಎನ್ನುತ್ತಾರೆ. ನಾಲ್ಕನೆಯ ಮಗನಿಗೆ ಸಿಂಹಾಸನದ ಆಸೆ ಎಲ್ಲಿಯದು? ಆದರೆ ತಂದೆಗೆ ಅವನ ಮೇಲೆ ಋಣಭಾರವಿತ್ತು. 1361ರ ನವೆಂಬರ್‌ನಲ್ಲಿ ಬರ್ಗಂಡಿಯ ಹಳೆಯ ಡ್ಯೂಕರ ಮನೆತನದ ಕೊನೆಯ ಕುಡಿ, ಹದಿನೈದರ ಹುಡುಗ, ಅವನ ಹೆಸರೂ ಫಿಲಿಪ್, ಸಂತಾನವಿಲ್ಲದೆ ತೀರಿಕೊಂಡ. ಜಾನ್ ದೊರೆಯ ತಾಯಿ ಅದೇ ಮನೆಯ ಹೆಣ್ಣುಮಗಳು. ಆ ತಾಯಿಯ ನಂಟನ್ನು ಹಿಡಿದು ಜಾನ್ ಬರ್ಗಂಡಿಯನ್ನು ತನ್ನದಾಗಿಸಿಕೊಂಡ. 1363ರಲ್ಲಿ ಅದನ್ನು ತನ್ನ ಧೀರ ಮಗನಿಗೆ ಕೊಟ್ಟ. ಓದುಗರು ಈ ಒಂದು ಸಂಗತಿಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕು: ಬರ್ಗಂಡಿ ಫ್ರಾನ್ಸಿನ ಅರಮನೆಗೆ ಬಂದದ್ದು ಒಬ್ಬ ಹೆಣ್ಣಿನ ಮೂಲಕ. ಮುಂದೆ ಇದರ ಅವಶ್ಯಕತೆ ಬೀಳುತ್ತದೆ.

ತೀರಿಕೊಂಡ ಆ ಹುಡುಗನಿಗೆ ಒಬ್ಬ ಹೆಂಡತಿ ಇದ್ದಳು. ಹೆಸರು ಮಾರ್ಗರೆಟ್. ಫ್ಲಾಂಡರ್ಸ್‌ನ ಕೌಂಟ್ ಲೂಯಿಯ ಮಗಳು. ಹುಟ್ಟಿದ್ದು 1350ರಲ್ಲಿ, ಮದುವೆಯಾದದ್ದು ಏಳನೆಯ ವಯಸ್ಸಿಗೆ, ವಿಧವೆಯಾದದ್ದು ಹನ್ನೊಂದಕ್ಕೆ.

ಈ ವಯಸ್ಸುಗಳನ್ನು ಮೊದಲು ಓದಿದಾಗ ನನಗೆ ನೆನಪಾದದ್ದು ನಮ್ಮಜ್ಜಿಯ ಅಕ್ಕ. ಅವರಿಗೂ ಅದೇ ಪ್ರಾಯದಲ್ಲಿ ಅದೇ ಗತಿಯಾಗಿತ್ತು. ಕೆಂಪು ಸೀರೆಯುಟ್ಟು, ತಲೆ ಬೋಳಿಸಿಕೊಂಡು, ಅಡಿಗೆಮನೆಯ ಮೂಲೆಯಲ್ಲಿ ಅರವತ್ತು ವರ್ಷ ಬದುಕಿದ ಜೀವ ಅದು. ನಾವು ಮಕ್ಕಳು ಅವರನ್ನು 'ಮಡಿ ಅಜ್ಜಿ' ಎಂದೇ ಕರೆಯುತ್ತಿದ್ದೆವು. ಅವರ ಹೆಸರು ನನಗೆ ತಿಳಿದದ್ದು ಅವರ ತಿಥಿಯ ದಿನ. ಮಾರ್ಗರೆಟಳ ಗತಿ ಹಾಗಾಗಲಿಲ್ಲ. ವಿಧವೆಯಾದ ಮರುಗಳಿಗೆಯಿಂದಲೇ ಯುರೋಪಿನ ಎರಡು ದೊಡ್ಡ ಅರಮನೆಗಳು ಅವಳಿಗಾಗಿ ಹೋರಾಡತೊಡಗಿದವು. ಒಬ್ಬಳನ್ನು ಮೂಲೆಗೆ ತಳ್ಳಿದರು, ಇನ್ನೊಬ್ಬಳನ್ನು ಸಿಂಹಾಸನಕ್ಕೆ ಎಳೆದರು. ವ್ಯತ್ಯಾಸ ಇಷ್ಟೇ: ನಮ್ಮ ಮಡಿ ಅಜ್ಜಿಯ ಹೆಸರಿನಲ್ಲಿ ಒಂದು ಗುಂಟೆ ನೆಲವೂ ಇರಲಿಲ್ಲ, ಮಾರ್ಗರೆಟಳ ಹೆಸರಿನಲ್ಲಿ ಫ್ಲಾಂಡರ್ಸ್ ಇತ್ತು.

ಫ್ಲಾಂಡರ್ಸ್ ಎಂದರೆ ಇಂದಿನ ಬೆಲ್ಜಿಯಮ್ಮಿನ ಪಶ್ಚಿಮ ಭಾಗ. ಗೆಂಟ್, ಬ್ರೂಜ್, ಈಪರ್ ಪಟ್ಟಣಗಳ ಮಗ್ಗಗಳು ಇಂಗ್ಲೆಂಡಿನ ಉಣ್ಣೆಯನ್ನು ನೇಯ್ದು ಯುರೋಪಿಗೆಲ್ಲ ಬಟ್ಟೆ ಉಡಿಸುತ್ತಿದ್ದವು. ಫ್ಲಾಂಡರ್ಸ್ ಫ್ರಾನ್ಸಿನ ದೊರೆಗೆ ಅಧೀನ. ಅದರ ಹೊಟ್ಟೆಪಾಡು ಮಾತ್ರ ಇಂಗ್ಲೆಂಡಿನ ಕೈಯಲ್ಲಿ. ಲೂಯಿಗೆ ಗಂಡುಸಂತಾನವಿಲ್ಲ. ಅಷ್ಟೇ ಅಲ್ಲ, ಆರ್ತ್ವಾ ಸೀಮೆಯೂ, ಬರ್ಗಂಡಿಯ ಪಕ್ಕದ, ಫ್ರಾನ್ಷ್-ಕೋಂತೆ ಎಂದು ಹೆಸರಾದ ಸೀಮೆಯೂ ಅವನ ತಾಯಿಯ ಕಡೆಯಿಂದ ಅವನಿಗೆ ಬರಬೇಕಾಗಿದ್ದವು. ಅವನ ನಂತರ ಎಲ್ಲವೂ ಈ ಹುಡುಗಿಗೆ. ಇಂಗ್ಲೆಂಡಿನ ಮೂರನೆಯ ಎಡ್ವರ್ಡ್ ತನ್ನ ಮಗ ಎಡ್ಮಂಡನಿಗೆ ಅವಳನ್ನು ತಂದುಕೊಳ್ಳಲು 1364ರಲ್ಲಿ ಒಪ್ಪಂದವನ್ನೇ ಮಾಡಿಕೊಂಡ. ಅದು ನಡೆದಿದ್ದರೆ ಫ್ರಾನ್ಸಿನ ಉತ್ತರದ ಬಾಗಿಲಿನ ಬೀಗದ ಕೈ ಇಂಗ್ಲಿಷರ ಸೊಂಟಕ್ಕೆ ಸೇರುತ್ತಿತ್ತು.

ಇಲ್ಲಿ ಬಂದದ್ದು ಧರ್ಮಶಾಸ್ತ್ರ. ಸೋದರಮಾವನಿಗೇ ಹೆಣ್ಣು ಕೊಡುವ ನಮ್ಮ ಕಡೆಯ ಪದ್ಧತಿಯನ್ನು ಕಂಡವರಿಗೆ ಇದು ವಿಚಿತ್ರವೆನಿಸೀತು. ಅಂದಿನ ಕ್ರೈಸ್ತ ಸಭೆಯ ನಿಯಮದಂತೆ ನಾಲ್ಕು ತಲೆಮಾರುಗಳೊಳಗೆ ರಕ್ತಸಂಬಂಧವಿದ್ದರೆ ಮದುವೆ ನಿಷಿದ್ಧ. ಯುರೋಪಿನ ರಾಜಮನೆತನಗಳೆಲ್ಲ ಒಂದಕ್ಕೊಂದು ನಂಟರೇ ಆಗಿದ್ದುದರಿಂದ ಪೋಪರ ವಿನಾಯಿತಿಯಿಲ್ಲದೆ ದೊಡ್ಡ ಮದುವೆ ಯಾವುದೂ ನಡೆಯುವಂತಿರಲಿಲ್ಲ. ಆಗಿನ ಪೋಪ್ ಐದನೆಯ ಅರ್ಬನ್ ಫ್ರೆಂಚನು, ಅವನಿದ್ದದ್ದು ಅವಿನ್ಯೋನಿನಲ್ಲಿ. ಎಡ್ಮಂಡನೂ ಮಾರ್ಗರೆಟಳೂ ಸಂಬಂಧಿಗಳೆಂದು ವಿನಾಯಿತಿ ನಿರಾಕರಿಸಿದ. ಕೆಲವೇ ವರ್ಷಗಳ ಮೇಲೆ ಧೀರ ಫಿಲಿಪನ ಹೆಸರು ಬಂದಾಗ, ಅವನೂ ನಿಷಿದ್ಧ ನಂಟಸ್ತಿಕೆಯೊಳಗಿನವನೇ ಆಗಿದ್ದರೂ, ವಿನಾಯಿತಿ ದೊರಕಿತು! ಶಾಸ್ತ್ರ ಒಂದೇ, ಅರ್ಥ ಹೇಳುವವರ ಕುರ್ಚಿ ಎಲ್ಲಿದೆ ಎಂಬುದರ ಮೇಲೆ ಅದರ ಫಲ.

ಕೌಂಟ್ ಲೂಯಿ ಸುಲಭಕ್ಕೆ ಮಣಿಯುವ ಬೀಗನಾಗಿರಲಿಲ್ಲ. ಲೀಲ್, ದುಯೇ, ಓರ್ಶಿ ಎಂಬ ಮೂರು ಪಟ್ಟಣಗಳು ಫ್ಲಾಂಡರ್ಸ್‌ಗೆ ಮರಳಬೇಕು ಎಂದು ಪಟ್ಟುಹಿಡಿದ. ಅಣ್ಣನಾದ ದೊರೆ ಐದನೆಯ ಚಾರ್ಲ್ಸ್ ಒಪ್ಪಿದ. ಅತ್ತ ಫಿಲಿಪ್, ಮಾವನ ನಂತರ ಅವನ್ನು ನಿನಗೇ ಹಿಂತಿರುಗಿಸುತ್ತೇನೆ ಎಂದು ಅಣ್ಣನಿಗೆ ಗುಟ್ಟಾಗಿ ಬರೆದುಕೊಟ್ಟ. ಇತ್ತ ಎಂದಿಗೂ ಬಿಟ್ಟುಕೊಡುವುದಿಲ್ಲ ಎಂದು ಮಾವನಿಗೂ ಮಾತು ಕೊಟ್ಟ. ಅವನು ಉಳಿಸಿಕೊಂಡದ್ದು ಎರಡನೆಯ ಮಾತನ್ನು. 1369ರ ಜೂನ್ 19ರಂದು ಗೆಂಟ್‌ನಲ್ಲಿ ಮದುವೆ ನಡೆಯಿತು. ವಧುವಿಗೆ 19, ವರನಿಗೆ 27. ಹದಿನೈದು ವರ್ಷ ಕಾದ ಮೇಲೆ, 1384ರ ಜನವರಿಯಲ್ಲಿ ಲೂಯಿ ತೀರಿಕೊಂಡ. ಫ್ಲಾಂಡರ್ಸ್, ಆರ್ತ್ವಾ, ಫ್ರಾನ್ಷ್-ಕೋಂತೆ, ನೆವೇರ್, ರೆತೆಲ್ ಇಷ್ಟೂ ಬಳುವಳಿಯಾಗಿ ಬಂದವು. ತಮ್ಮನಿಗೆ ಹೆಣ್ಣು ತಂದು ಫ್ರಾನ್ಸಿನ ಗಡಿ ಭದ್ರಪಡಿಸಿದೆನೆಂದು ಚಾರ್ಲ್ಸ್ ದೊರೆ ಭಾವಿಸಿದ್ದ. ತನ್ನ ಮೊಮ್ಮಗನ ಕಾಲಕ್ಕೆ ಅದೇ ಗಡಿಯಲ್ಲಿ ತನ್ನ ವಂಶದ ಪರಮ ಪ್ರತಿಸ್ಪರ್ಧಿಯೊಬ್ಬ ಎದ್ದು ನಿಲ್ಲುತ್ತಾನೆಂದು ಅವನು ಊಹಿಸಿರಲಾರ.

ಮರುವರ್ಷವೇ ಫಿಲಿಪ್ ಮುಂದಿನ ತಲೆಮಾರಿನ ಕಂಬ ನೆಟ್ಟ. 1385ರ ಏಪ್ರಿಲ್ 12ರಂದು ಕಾಂಬ್ರೇ ಪಟ್ಟಣದಲ್ಲಿ ಎರಡು ಮದುವೆ ಒಟ್ಟಿಗೆ ನಡೆದವು. ಹೇನೋ, ಹಾಲೆಂಡ್, ಜೀಲೆಂಡ್‌ಗಳನ್ನು ಆಳುತ್ತಿದ್ದ ಬವೇರಿಯಾ ವಂಶದ ಆಲ್ಬರ್ಟನ ಮಗಳನ್ನು ಫಿಲಿಪನ ಮಗ ಜಾನನಿಗೆ ತಂದರು. ಫಿಲಿಪನ ಹತ್ತು ವರ್ಷದ ಮಗಳನ್ನು ಆಲ್ಬರ್ಟನ ಮಗ ವಿಲಿಯಮನಿಗೆ ಕೊಟ್ಟರು. ಕೊಟ್ಟು ತರುವ ಸಂಬಂಧ. ನಾವು ಸಾಟಿ ಮದುವೆ ಎನ್ನುತ್ತೇವಲ್ಲ, ಅದೇ. ಹದಿನಾರು ವರ್ಷದ ಫ್ರಾನ್ಸಿನ ದೊರೆ ಆರನೆಯ ಚಾರ್ಲ್ಸ್ ಸ್ವತಃ ಬಂದು ಕುದುರೆ ಏರಿ ಈಟಿ ಕಾಳಗದ ಕಣಕ್ಕಿಳಿದ. ಅಂದು ಆ ನಾಲ್ವರು ವಧೂವರರ ತಲೆಯ ಮೇಲೆ ಬಿದ್ದ ಅಕ್ಷತೆಯ ಫಲ ಕೈಗೆ ಬರಲು ನಲವತ್ತೆಂಟು ವರ್ಷ ಹಿಡಿಯಿತು. ಅದನ್ನು ಅನುಭವಿಸಿದವಳು ಜಾಕ್ವೆಲಿನ್.

ಈ ಮನೆತನದ ಕಥೆಯಲ್ಲಿ ನನ್ನನ್ನು ಬಹುವಾಗಿ ಕಾಡಿದವಳು ಅವಳೇ. ಕಾಂಬ್ರೇಯಲ್ಲಿ ಮದುವೆಯಾದ ಆ ಹತ್ತು ವರ್ಷದ ಹುಡುಗಿಗೂ ವಿಲಿಯಮನಿಗೂ 1401ರಲ್ಲಿ ಹುಟ್ಟಿದ ಒಬ್ಬಳೇ ಮಗಳು. ಚಿಕ್ಕಂದಿನಲ್ಲಿಯೇ ಫ್ರಾನ್ಸಿನ ರಾಜಕುಮಾರನೊಬ್ಬನಿಗೆ ನಿಶ್ಚಯವಾಯಿತು. ಮದುವೆಯಾಗಿ ಎರಡು ವರ್ಷಕ್ಕೆ, 1417ರಲ್ಲಿ, ಅವನು ಸತ್ತ. ಒಂದೆರಡು ತಿಂಗಳಲ್ಲಿ ತಂದೆಯೂ ಸತ್ತ. ಮೂರು ಸೀಮೆಗಳ ಒಡತಿಯಾದ ಹದಿನೈದರ ವಿಧವೆ. ತಾಯಿಯ ಅಣ್ಣ ಅವಳನ್ನು ಮನೆತನದೊಳಗೇ, ಬ್ರಬಾಂಟಿನ ಡ್ಯೂಕನಾದ ನಾಲ್ಕನೆಯ ಜಾನನಿಗೆ ಕೊಡಿಸಿದ. ಇವನು ಸೋದರಮಾವನ ಮಗ, ದುರ್ಬಲ, ಅವಳ ಸೀಮೆಗಳನ್ನೇ ಪರರಿಗೆ ಒತ್ತೆಯಿಟ್ಟ. 1421ರಲ್ಲಿ ಅವಳು ಸಮುದ್ರ ದಾಟಿ ಇಂಗ್ಲೆಂಡಿಗೆ ಓಡಿದಳು. ಅಲ್ಲಿ ಗ್ಲಾಸ್ಟರಿನ ಡ್ಯೂಕ್ ಹಂಫ್ರಿಯನ್ನು ಮದುವೆಯಾದಳು. ಅವನು 1424ರಲ್ಲಿ ಸೈನ್ಯದೊಡನೆ ಬಂದ; ಮರುವರ್ಷ ಅವಳನ್ನು ಅಲ್ಲಿಯೇ ಬಿಟ್ಟು ಹಿಂತಿರುಗಿದ. ಸೆರೆ ಸಿಕ್ಕವಳನ್ನು ಗೆಂಟ್‌ನಲ್ಲಿಟ್ಟರೆ, ಗಂಡುಡುಗೆ ತೊಟ್ಟು ಕುದುರೆಯೇರಿ ಪಾರಾದಳು. ಮೂರು ವರ್ಷ ಯುದ್ಧ ಮಾಡಿದಳು.

ಎದುರಾಳಿ ಬೇರೆ ಯಾರೂ ಅಲ್ಲ, ಇನ್ನೊಬ್ಬ ಸೋದರಮಾವನ ಮಗ, ಬರ್ಗಂಡಿಯ ಮೂರನೆಯ ಡ್ಯೂಕ್ ಫಿಲಿಪ್. ಇತಿಹಾಸ ಅವನನ್ನು 'ಸಜ್ಜನ ಫಿಲಿಪ್' ಎನ್ನುತ್ತದೆ! 1428ರ ಜನವರಿಯಲ್ಲಿ ಪೋಪ್ ಐದನೆಯ ಮಾರ್ಟಿನ್ ಹಂಫ್ರಿಯೊಡನೆ ಆದ ಮದುವೆ ಅಸಿಂಧುವೆಂದು ತೀರ್ಪಿತ್ತ. ಜುಲೈ 3ರಂದು ಡೆಲ್ಫ್ಟ್‌ನಲ್ಲಿ ಒಪ್ಪಂದವಾಯಿತು: ಪದವಿ ಅವಳದು, ಆಡಳಿತ ಅವನದು, ಅವಳಿಗೆ ಮಕ್ಕಳಿಲ್ಲದಿದ್ದರೆ ವಾರಸುದಾರ ಅವನೇ, ಅವನ, ಅವಳ ತಾಯಿಯ ಹಾಗೂ ಮೂರು ಸೀಮೆಗಳ ಸಭೆಗಳ ಒಪ್ಪಿಗೆಯಿಲ್ಲದೆ ಅವಳು ಮರುಮದುವೆಯಾಗಕೂಡದು. ಮದುವೆ ಮಾಡಿಸಿ ನೆಲ ಗಳಿಸಿದ ಮನೆತನ ಈಗ ಮದುವೆಯನ್ನು ತಡೆದು ನೆಲ ಗಳಿಸುವುದನ್ನೂ ಕಲಿತಿತ್ತು. ಜೀಲೆಂಡಿನ ಸಾಮಂತನೊಬ್ಬನನ್ನು ಅವಳು ಗುಟ್ಟಾಗಿ ವರಿಸಿದ್ದು ತಿಳಿದದ್ದೇ ನೆಪವಾಯಿತು. 1433ರಲ್ಲಿ ಹೇನೋ, ಹಾಲೆಂಡ್, ಜೀಲೆಂಡ್ ಮೂರನ್ನೂ ಬರೆದುಕೊಟ್ಟಳು. 1436ರಲ್ಲಿ ಕ್ಷಯದಿಂದ ತೀರಿಕೊಂಡಳು. 35 ವರ್ಷ, ನಾಲ್ಕು ಮದುವೆ, ಸಂತಾನವಿಲ್ಲ.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಧೀರ ಫಿಲಿಪನ ಮಗ ಜಾನ್ 1407ರಲ್ಲಿ ಪ್ಯಾರಿಸ್ಸಿನ ಬೀದಿಯಲ್ಲಿ ದೊರೆಯ ತಮ್ಮನನ್ನು ಕೊಲ್ಲಿಸಿದ. 1419ರಲ್ಲಿ ಮೊಂತೆರೋ ಸೇತುವೆಯ ಮೇಲೆ ತಾನೂ ಕೊಲೆಯಾದ. ಬ್ರಬಾಂಟ್ ಬಂದದ್ದು ಮೊದಲ ಮಾರ್ಗರೆಟಳ ಮಕ್ಕಳಿಲ್ಲದ ದೊಡ್ಡಮ್ಮನ ಕಡೆಯಿಂದ. ಕಿರಿಯ ಶಾಖೆಯೊಂದನ್ನು ದಾಟಿ 1430ರಲ್ಲಿ ಸಜ್ಜನ ಫಿಲಿಪನಿಗೆ ಸೇರಿತು. ನಮೂರನ್ನು ಹಣ ಕೊಟ್ಟು ಕೊಂಡ. 1443ರಲ್ಲಿ ಲಕ್ಸೆಂಬರ್ಗ್ ಕೈಸೇರಿತು. ಅವನ ಮೂರನೆಯ ಹೆಂಡತಿ ಪೋರ್ಚುಗಲ್ಲಿನ ಇಸಬೆಲ್ಲ. ಹೆಣ್ಣು ನೋಡಲು ಹೋದ ದೂತರ ಜೊತೆಗೆ ಚಿತ್ರಕಾರ ಯಾನ್ ವಾನ್ ಐಕ್‌ನನ್ನೂ ಕಳುಹಿಸಿ ಅವಳ ಚಿತ್ರ ಬರೆಸಿ ತರಿಸಿಕೊಂಡಿದ್ದ. ಇಸಬೆಲ್ಲಳ ಅಣ್ಣನೇ ನಾವಿಕ ಹೆನ್ರಿ; ಮುಂದೆ ಪೋರ್ಚುಗೀಸರು ಆಫ್ರಿಕವನ್ನು ಸುತ್ತಿ ನಮ್ಮ ಪಶ್ಚಿಮ ಕರಾವಳಿಗೆ ಬಂದ ಆ ದಾರಿಯ ಮೊದಲ ಹೆಜ್ಜೆಗಳು ಅವನವು. 1430ರ ಜನವರಿಯಲ್ಲಿ ಈ ಮದುವೆಯ ಸಂಭ್ರಮದಲ್ಲಿಯೇ 'ಚಿನ್ನದ ತುಪ್ಪಟ' ಎಂಬ ವೀರಪದವಿ ಸ್ಥಾಪನೆಯಾಯಿತು.

ಇಷ್ಟೆಲ್ಲ ಕಟ್ಟಿದ ಮನೆಗೆ ಒಂದೇ ಕೊರತೆಯಿತ್ತು: ರಾಜ ಎಂಬ ಪದವಿ. ನಾಲ್ಕನೆಯ ಡ್ಯೂಕ್, ದುಡುಕಿನ ಚಾರ್ಲ್ಸ್, ಅದಕ್ಕಾಗಿ ಹಂಬಲಿಸಿದ. ಅವನಿಗೆ ಮೂರು ಮದುವೆ, ಮಗಳು ಮಾತ್ರ ಒಬ್ಬಳೇ. 1457ರಲ್ಲಿ ಹುಟ್ಟಿದ ಮೇರಿ. ಅವಳನ್ನು ಕೊಡುತ್ತೇನೆಂಬ ಆಸೆಯನ್ನು ಎಷ್ಟೋ ರಾಜಕುಮಾರರ ಮುಂದೆ ತೂಗಾಡಿಸಿದ. 1473ರಲ್ಲಿ ಟ್ರಿಯರ್ ಎಂಬಲ್ಲಿ ಚಕ್ರವರ್ತಿ ಮೂರನೆಯ ಫ್ರೆಡರಿಕ್‌ನನ್ನು ಭೇಟಿಯಾದ. ಕಿರೀಟಕ್ಕೆ ಪ್ರತಿಯಾಗಿ ಚಕ್ರವರ್ತಿಯ ಮಗನಿಗೆ ಮಗಳು ಎಂಬ ಮಾತು ನಡೆಯಿತು. ಇನ್ನೇನು ಪಟ್ಟಾಭಿಷೇಕ ಎನ್ನುವಾಗ ಚಕ್ರವರ್ತಿ ಸದ್ದಿಲ್ಲದೆ ಹೊರಟುಹೋದ. ಆಮೇಲೆ ಚಾರ್ಲ್ಸ್ ನಂಬಿದ್ದು ಕತ್ತಿಯನ್ನು. 1476ರ ಮಾರ್ಚ್‌ನಲ್ಲಿ ಗ್ರಾಂಡ್‌ಸನ್‌ನಲ್ಲಿ ಸ್ವಿಸ್ಸರಿಗೆ ಸೋತು ತನ್ನ ಆಭರಣಗಳ ಭಂಡಾರವನ್ನೇ ಕಳೆದುಕೊಂಡ. ಅದರಲ್ಲಿ ಹೆಸರಾಂತ ವಜ್ರಗಳೂ ಇದ್ದವು. ಆ ಕಾಲದ ಯುರೋಪಿಗೆ ವಜ್ರ ಹೋಗುತ್ತಿದ್ದುದು ಬಹುಮಟ್ಟಿಗೆ ನಮ್ಮ ದೇಶದಿಂದಲೇ. ಜೂನ್‌ನಲ್ಲಿ ಮುರ್ಟೆನ್‌ನಲ್ಲಿ ಮತ್ತೆ ಸೋತ. 1477ರ ಜನವರಿ 5ರಂದು ನಾನ್ಸಿಯ ಹಿಮದಲ್ಲಿ ಸತ್ತ. ಹೆಣ ಸಿಕ್ಕದ್ದು ಎರಡು ದಿನಗಳ ಮೇಲೆ. ತೋಳಗಳು ಮುಖ ತಿಂದಿದ್ದವು. ಮೂರು ತಲೆಮಾರು ಮದುವೆ ಮಾಡಿ ಗಳಿಸಿದ್ದನ್ನು ನಾಲ್ಕನೆಯವನು ಯುದ್ಧ ಮಾಡಿ ಅಪಾಯಕ್ಕೊಡ್ಡಿದ.

ಇಪ್ಪತ್ತೂ ತುಂಬದ ಮೇರಿಯ ಸುತ್ತ ಗಿಡುಗಗಳು ಹಾರಾಡತೊಡಗಿದವು. ಫ್ರಾನ್ಸಿನ ಹನ್ನೊಂದನೆಯ ಲೂಯಿ ಬರ್ಗಂಡಿಗೆ ಸೈನ್ಯ ನುಗ್ಗಿಸಿದ. ಆ ಸೀಮೆ ರಾಜಪುತ್ರನಿಗೆ ಕೊಟ್ಟ ಉಂಬಳಿ, ಗಂಡುಸಂತಾನ ನಿಂತರೆ ದೊರೆಗೆ ಮರಳಬೇಕು ಎಂಬುದು ಅವನ ವಾದ. ಹೆಣ್ಣಿನ ಹಕ್ಕು ಹಿಡಿದು ಅರಮನೆಗೆ ಬಂದಿದ್ದ ನೆಲವನ್ನು, ಅವಳು ಹೆಣ್ಣು ಎಂಬ ಕಾರಣಕ್ಕೇ ಕಿತ್ತುಕೊಂಡರು. ಓದುಗರಿಗೆ ಮೊದಲು ನೆನಪಿನಲ್ಲಿಡಲು ಹೇಳಿದ್ದು ಇದಕ್ಕಾಗಿ. ಇತ್ತ ಗೆಂಟ್‌ನ ಜನ ದಂಗೆಯೆದ್ದು ಅವಳ ತಂದೆಯ ಇಬ್ಬರು ಮಂತ್ರಿಗಳನ್ನು ವಧಾಸ್ಥಾನಕ್ಕೆ ಎಳೆದರು. ಮೇರಿ ಚೌಕಕ್ಕೇ ಹೋಗಿ ಅಂಗಲಾಚಿದರೂ ಬಿಡಲಿಲ್ಲ. ತನ್ನ ಆರು ವರ್ಷದ ಮಗನನ್ನು ಮದುವೆಯಾಗು ಎಂದು ಲೂಯಿ ಒತ್ತಾಯಿಸಿದ. ಮೇರಿ ಚಕ್ರವರ್ತಿಯ ಮಗ ಮ್ಯಾಕ್ಸಿಮಿಲಿಯನ್‌ನನ್ನು ಆರಿಸಿಕೊಂಡಳು. ಹದಿನೆಂಟರ ಆ ವರನಿಗೆ ಪ್ರಯಾಣದ ಖರ್ಚಿಗೂ ಹಣ ಸಾಲದೆ ಹೆಣ್ಣಿನ ಕಡೆಯವರೇ ಕಳುಹಿಸಬೇಕಾಯಿತು. 1477ರ ಆಗಸ್ಟ್‌ನಲ್ಲಿ ಗೆಂಟ್‌ನಲ್ಲಿ ಮದುವೆಯಾಯಿತು. ಒಬ್ಬರ ಭಾಷೆ ಒಬ್ಬರಿಗೆ ಬಾರದು, ಪರಸ್ಪರ ಕಲಿಸಿಕೊಂಡರು. ಇಷ್ಟೂ ಮದುವೆಗಳ ನಡುವೆ ಪ್ರೀತಿ ಕಾಣಿಸುವ ಅಪರೂಪದ ಮದುವೆ ಇದು. ಅದು ಬಾಳಿದ್ದು ಐದು ವರ್ಷವೂ ಅಲ್ಲ. 1482ರ ಮಾರ್ಚ್‌ನಲ್ಲಿ, ಡೇಗೆಯ ಬೇಟೆಯಾಡುವಾಗ ಕುದುರೆಯಿಂದ ಬಿದ್ದ ಮೇರಿ 25ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಬರ್ಗಂಡಿಯವರು ಕಟ್ಟಿದ ಮನೆ ಹ್ಯಾಬ್ಸ್‌ಬರ್ಗರ ಪಾಲಾಯಿತು. ಆಸ್ಟ್ರಿಯಾದ ಮನೆತನ ಮದುವೆಯಿಂದ ಬೆಳೆಯಿತೆಂಬ ಮಾತು ಪ್ರಸಿದ್ಧ; ಆ ವಿದ್ಯೆಯನ್ನು ಅದಕ್ಕೆ ಮೊದಲೇ ಪಳಗಿಸಿದ್ದವರು ಬರ್ಗಂಡಿಯ ಡ್ಯೂಕರು.

ನಿವೃತ್ತಿಯ ನಂತರ ನೆದರ್ಲೆಂಡ್ಸ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಬ್ರೂಜ್ ನೋಡುವ ಅವಕಾಶ ಒದಗಿತು. ಅಲ್ಲಿನ ಮಾತೆ ಮರಿಯಳ ಇಗರ್ಜಿಯಲ್ಲಿ ಮೈಕೆಲೆಂಜೆಲೊ ಕೆತ್ತಿದ ತಾಯಿ-ಮಗುವಿನ ಅಮೃತಶಿಲೆಯ ಮೂರ್ತಿಯಿದೆ; ಜನ ನೆರೆಯುವುದು ಅದರ ಮುಂದೆ. ನಾನು ಮೇರಿಯ ಸಮಾಧಿಯನ್ನು ಹುಡುಕಿಕೊಂಡು ಹೋದೆ. ತಂದೆ, ಮಗಳು ಅಕ್ಕಪಕ್ಕದಲ್ಲಿ ಮಲಗಿದ್ದಾರೆ, ಚಿನ್ನದ ನೀರು ಕುಡಿಸಿದ ಕಂಚಿನಲ್ಲಿ. ಮೇರಿಯ ಪ್ರತಿಮೆಯ ಕೆಳಗೆ, ಪೀಠದ ಎರಡು ಬದಿಗಳಲ್ಲಿ ಕೊಂಬೆಗಳು ಹಬ್ಬಿವೆ. ಕೊಂಬೆಗಳ ತುಂಬ ಬಣ್ಣದ ಲಾಂಛನಗಳು. ನಾನು ಕರಿಹಲಗೆಯ ಮೇಲೆ ಸುಣ್ಣದ ಕಡ್ಡಿಯಿಂದ ಬರೆಯುತ್ತಿದ್ದ ವಂಶಾವಳಿಯೇ ಅದು. ಒಂದೊಂದು ಲಾಂಛನದ ಹಿಂದೆಯೂ ಒಬ್ಬ ಹುಡುಗಿ ಮನೆ ಬಿಟ್ಟು ಬಂದ ದಿನವೊಂದಿದೆ. ಏಳಕ್ಕೆ ಬಂದವಳು, ಹತ್ತಕ್ಕೆ ಹೋದವಳು, ಭಾಷೆ ಬಾರದ ಊರಿಗೆ ಹಡಗಿನಲ್ಲಿ ಬಂದಿಳಿದವಳು. ನನ್ನ ಮಗಳು, "ಅಪ್ಪಾ, ಹೊತ್ತಾಯಿತು, ರೈಲು ತಪ್ಪುತ್ತದೆ" ಎಂದು ಎಚ್ಚರಿಸುವವರೆಗೂ ನಾನು ಅಲ್ಲಿಯೇ ನಿಂತಿದ್ದೆ. ಅವಳು ಆ ದೂರದೇಶಕ್ಕೆ ಹೋದದ್ದು ಓದಲು. ನೆಲೆ ನಿಂತದ್ದು ತನ್ನ ಇಷ್ಟದಿಂದ. ಆ ಮಾತು ಎಷ್ಟು ದೊಡ್ಡದೆಂದು ಅಂದು ನನಗೆ ಮನದಟ್ಟಾಯಿತು.

ಕಥೆಗೆ ಇನ್ನೊಂದು ಅಧ್ಯಾಯವುಂಟು. ಮೇರಿಯ ಮಗ ಫಿಲಿಪ್ ಸ್ಪೇನಿನ ರಾಜಕುಮಾರಿಯನ್ನು ಮದುವೆಯಾದ. ಅವರ ಮಗ 1500ರಲ್ಲಿ ಗೆಂಟ್‌ನಲ್ಲಿ ಹುಟ್ಟಿದ ಐದನೆಯ ಚಾರ್ಲ್ಸ್. ಮೇರಿಯ ಮಗಳು ಇನ್ನೊಬ್ಬ ಮಾರ್ಗರೆಟ್. ಮೂರನೆಯ ವಯಸ್ಸಿಗೆ ಫ್ರಾನ್ಸಿನ ಭಾವೀ ರಾಣಿಯೆಂದು ಅವಳನ್ನು ಅಲ್ಲಿಗೆ ಕಳುಹಿಸಿದರು. ಹತ್ತು ವರ್ಷ ಬೆಳೆಸಿ, ವರ ಬೇರೊಬ್ಬಳನ್ನು ಮದುವೆಯಾಗಿ, 1493ರಲ್ಲಿ ಹಿಂದಕ್ಕೆ ಕಳುಹಿಸಿದರು. 1497ರಲ್ಲಿ ಸ್ಪೇನಿನ ಯುವರಾಜನಿಗೆ ಕೊಟ್ಟರು. ಆರು ತಿಂಗಳಲ್ಲಿ ವಿಧವೆ. ಆಮೇಲೆ ಸವಾಯ್‌ನ ಡ್ಯೂಕ್. 1504ರಲ್ಲಿ ಅವನೂ ಸತ್ತ. ಆಗವಳಿಗೆ 24. ತಂದೆ ಮತ್ತೊಂದು ಸಂಬಂಧ ನೋಡಿದ. ವರ ಇಂಗ್ಲೆಂಡಿನ ದೊರೆ ಏಳನೆಯ ಹೆನ್ರಿ. ಮಾರ್ಗರೆಟ್ ಒಲ್ಲೆನೆಂದಳು. ಜಾಕ್ವೆಲಿನಳಿಗೆ ದಕ್ಕದ ಆ ಒಂದು ಮಾತು ಇವಳಿಗೆ ದಕ್ಕಿತು. 1507ರಿಂದ ನೆದರ್ಲೆಂಡ್ಸ್‌ನ ರಾಜ್ಯಪಾಲೆಯಾಗಿ ಮೆಖೆಲೆನ್‌ನಲ್ಲಿ ನೆಲೆಸಿ, ಅಣ್ಣನ ಮಗ ಚಾರ್ಲ್ಸ್‌ನನ್ನು ಸಾಕಿ ಬೆಳೆಸಿದಳು.

1529ರಲ್ಲಿ ಆ ಚಾರ್ಲ್ಸ್‌ಗೂ ಫ್ರಾನ್ಸಿನ ದೊರೆ ಮೊದಲನೆಯ ಫ್ರಾನ್ಸಿಸ್‌ಗೂ ನಡೆಯುತ್ತಿದ್ದ ಯುದ್ಧವನ್ನು ನಿಲ್ಲಿಸಲು ಇಬ್ಬರು ಹೆಂಗಸರು ಸಂಧಾನಕ್ಕೆ ಕುಳಿತರು. ಒಬ್ಬಳು ಮಾರ್ಗರೆಟ್, ಇನ್ನೊಬ್ಬಳು ಫ್ರಾನ್ಸಿಸ್‌ನ ತಾಯಿ ಲೂಯಿಸ್. ಇವಳು ಮಾರ್ಗರೆಟಳ ತೀರಿಹೋದ ಗಂಡನ ಅಕ್ಕ. ಅತ್ತಿಗೆ ನಾದಿನಿಯರು ಕುಳಿತು ಮಾತಾಡಿ, ಬರ್ಗಂಡಿಯ ಮೂಲ ಸೀಮೆ ಫ್ರಾನ್ಸಿನಲ್ಲಿಯೇ ಉಳಿಯಲಿ, ಫ್ಲಾಂಡರ್ಸ್ ಮತ್ತು ಆರ್ತ್ವಾಗಳ ಮೇಲಿನ ಹಕ್ಕನ್ನು ಫ್ರಾನ್ಸ್ ಬಿಡಲಿ ಎಂದು ತೀರ್ಮಾನಿಸಿದರು. ಇತಿಹಾಸದಲ್ಲಿ ಅದಕ್ಕೆ 'ಹೆಂಗಸರ ಶಾಂತಿ' ಎಂದೇ ಹೆಸರು. ಅದು ನಡೆದ ಊರು ಕಾಂಬ್ರೇ. 144 ವರ್ಷಗಳ ಹಿಂದೆ ಹತ್ತು ವರ್ಷದ ಹುಡುಗಿಯೊಬ್ಬಳನ್ನು ಸಾಟಿ ಮದುವೆಯಲ್ಲಿ ಕೊಟ್ಟಿದ್ದ ಅದೇ ಕಾಂಬ್ರೇ. ಈ ಸಲ ಅಲ್ಲಿ ಪತ್ರದ ಷರತ್ತುಗಳನ್ನು ಮಾತಾಡಿ ಬರೆಸಿದವರು ಹೆಂಗಸರೇ.